ಎಂಬತ್ತಮೂರೋ ಎಂಬತ್ತೆಂಟೋ ನೋಡಲು ತೈವಾನಿಗೆ

ರೋಣ

ತುಂಬಿದ ಪೇಟೆಯಲ್ಲಿ ನನ್ನನ್ನು ಕಳ್ಳಿ ಎಂದವರ ಪಕ್ಕದ ಸೀಟಿನಲ್ಲೇ ಕುಳಿತು ನಾನು ಜೀವನದಲ್ಲಿ ಮೊದಲ ಸಲ ವಿಮಾನ ಹತ್ತಿದೆ. ಇದು ಹೇಗಾಯಿತೆಂದು ಕೇಳಿದವರಿಗೆಲ್ಲ ಹೇಳಿ ಹೇಳಿ ಬಾಯಿ ಸೋತಿದೆ. ಪ್ರತಿ ಸಲವೂ ಏನಾದರೊಂದು ಬಿಟ್ಟುಹೋಗುತ್ತದೆ. ಹಾಗಾಗಿ ಬರೆದೇ ಬಿಡೋಣ ಎಂದು ಕೂತಿದ್ದೇನೆ.

ನನ್ನ ಹೆಸರು ಜೈತುನಬಿ. ರೋಣದಲ್ಲಿ ತೂಕದ ಕಾಟಾ ರಿಪೇರಿ ಮಾಡುತ್ತೇನೆ. ನಮ್ಮಪ್ಪ ಮಕ್ತುಮಸಾಬರದು ತಕ್ಕಡಿಯ ಕಾಲ. ರೋಣ, ನರಗುಂದ, ಗಜೇಂದ್ರಗಡ ಮೂರೂ ಪೇಟೆಗಳಲ್ಲಿ ಯಾವ ತಕ್ಕಡಿಯ ಮುಳ್ಳು ಓರೆಯಾದರೂ ಅವರಿಗೇ ಹೇಳಿಕಳಿಸುತ್ತಿದ್ದರು. ಕಡ್ಡಿಪೆಟ್ಟಿಗೆಯಷ್ಟು ಸಣ್ಣ ತೂಕದ ಬಟ್ಟುಗಳನ್ನು ಮಖಮಲ್ಲಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಓಡಾಡುತ್ತಿದ್ದರು. ಬ್ಯಾಟರಿ ಕಾಟಾಗಳು ಬಂದಾಗ ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೆ. ಅಪ್ಪ ಒಂದು ದಿನ ಸ್ಕ್ರೂಡ್ರೈವರನ್ನು ನನ್ನ ಕೈಗಿಟ್ಟು, ಇನ್ನು ಇದು ನಿನ್ನ ಕೆಲಸ ಎಂದರು. ಅವರು ತೀರಿಕೊಂಡ ಮೇಲೂ ಮೂರೂ ಪೇಟೆಯವರು ನನ್ನನ್ನು ಕರೆಯುವುದು ನಿಲ್ಲಲಿಲ್ಲ. ನಿಂತದ್ದು ಹೋದ ಹಂಗಾಮಿನಲ್ಲಿ.

ಅಂದು ಪೇಟೆಗೆ ಉಳ್ಳಾಗಡ್ಡಿಯ ಹೇರು ಬಂದಿತ್ತು. ದಲಾಲಿ ಅಂಗಡಿಯ ಅಂದಾನೆಪ್ಪನವರ ಕಾಟಾದ ಮೇಲೆ ಹಮಾಲರು ಎರಡು ಚೀಲ ಇಟ್ಟರು. ಅಂದಾನೆಪ್ಪನವರು ಎದುರಿನ ಕುರ್ಚಿಯಲ್ಲಿ ಕೂತು ಎಂಬತ್ತಮೂರು ಕಿಲೋ ಎಂದು ಬರೆಸಿದರು. ಮಾಲಿನ ಒಡತಿ ಶಾಂತಕ್ಕ ಮಗ್ಗುಲಲ್ಲಿ ನಿಂತಿದ್ದರು. ಬಗ್ಗಿ ನೋಡಿ, ಎಂಬತ್ತೆಂಟು ಎಂದರು. ಇಬ್ಬರೂ ನೋಡುತ್ತಿದ್ದದ್ದು ಕಾಟಾದ ತೂಕ ತೋರಿಸುವ ಒಂದೇ ಡಬ್ಬಿ, ಒಂದೇ ಅಂಕೆ.

ಶಾಂತಕ್ಕ ಅಸೂಟಿಯ ಹಳೆಯ ಒಕ್ಕಲು ಮನೆತನದವರು. ಅರವತ್ತೆರಡು ವಯಸ್ಸು, ಇಳಕಲ್ ಸೀರೆ, ಎತ್ತರದ ಆಳು. ಸುತ್ತಲಿನ ಹಳ್ಳಿಗಳ ಬೆಳೆಗಾರ ಹೆಣ್ಣುಮಕ್ಕಳ ಸಂಘಕ್ಕೆ ಅವರೇ ಅಧ್ಯಕ್ಷರು. ಅವರ ಮಾತಿಗೆ ಪೇಟೆಯಲ್ಲಿ ತೂಕವಿದೆ. ಬೇರೊಂದು ಅಂಗಡಿಯ ಕೆಲಸಕ್ಕೆಂದು ಅಲ್ಲೇ ಹೊರಟಿದ್ದ ನನ್ನನ್ನು ಅವರು ಕಂಡರು.

"ಈ ಡಬ್ಬಿಗೆ ಕೈ ಹಾಕೂದು ಆಕಿ ಒಬ್ಬಾಕಿನ. ತಕ್ಕಡಿ ಮುಳ್ಳ ಕಾಯ್ದ ಮನಿತನದಾಗ ಕಳ್ಳಿ ಹುಟ್ಯಾಳ ನೋಡ್ರಿ."

ಅವರು ಕೂಗಿ ಹೇಳಲಿಲ್ಲ. ಕೂಗಿದ್ದರೆ ಸಿಟ್ಟಿನ ಮಾತೆಂದು ಜನ ಮರೆಯುತ್ತಿದ್ದರೇನೋ.

ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರ್ ಬಂದರು. ಮುದ್ರೆಯ ಬಟ್ಟುಗಳನ್ನಿಟ್ಟು ಪರೀಕ್ಷಿಸಿ ಕಾಟಾ ಸರಿ ಇದೆ ಎಂದು ಬರೆದುಕೊಟ್ಟರು. ಆದರೆ ಅವರು ನೋಡಿದ್ದೂ ಎದುರಿನ ಕುರ್ಚಿಯಲ್ಲಿ ಕೂತೇ. ಮಗ್ಗುಲಲ್ಲಿ ನಿಲ್ಲುವ ಜನ ಅದನ್ನು ನಂಬಲಿಲ್ಲ. ಹತ್ತಿರದ ಅಬ್ಬಿಗೇರಿಯಿಂದ ಬರುತ್ತಿದ್ದ ಕರೆಗಳು ನಿಂತವು, ಆಮೇಲೆ ನರಗುಂದದವೂ ಗಜೇಂದ್ರಗಡದವೂ ನಿಂತವು. ಗಜೇಂದ್ರಗಡದಲ್ಲಿ ಸಾಲಿ ಮಾಸ್ತರರಾಗಿರುವ ನನ್ನ ಗಂಡ, ಸ್ವಲ್ಪ ದಿನ ಅಂಗಡಿ ಮುಚ್ಚು ಎಂದರು. ಮುಚ್ಚಿದರೆ ಒಪ್ಪಿಕೊಂಡಂತಾಗುತ್ತದೆ ಎಂದು ನಾನು ದಿನಾ ಬಾಗಿಲು ತೆಗೆದು ಸುಮ್ಮನೆ ಕೂರುತ್ತಿದ್ದೆ.

ಈ ನಡುವೆ ಶಾಂತಕ್ಕನ ಸಂಘದವರು ತಮ್ಮದೇ ಕಾಟಾ ಕೊಳ್ಳಬೇಕೆಂದು ನಿಶ್ಚಯಿಸಿದರು. ಹುಬ್ಬಳ್ಳಿಯ ಬಿಡಿಭಾಗದ ವ್ಯಾಪಾರಿ ಅವರಿಗೊಂದು ವಿಷಯ ಹೇಳಿದರು. ತೈವಾನಿನಲ್ಲಿ ಅವರ ಪರಿಚಯದ ಸಣ್ಣ ಕಾರ್ಖಾನೆಯಿದೆ, ಎಲ್‌ಸಿಡಿ ಪರದೆಗೆ ಅಂಟಿಸುವ ತೆಳು ಫಿಲ್ಮುಗಳನ್ನು ಅಲ್ಲಿ ಕತ್ತರಿಸಿ ಜೋಡಿಸುತ್ತಾರೆ, ಅಂಕೆ ಯಾವ ಕಡೆಯಿಂದ ಹೇಗೆ ಕಾಣಬೇಕೆಂದು ಹೇಳಿದರೆ ಅದಕ್ಕೆ ತಕ್ಕಂತೆ ಮಾಡಿಕೊಡುತ್ತಾರೆ. ಪತ್ರ ಹೋಯಿತು. ಉತ್ತರವಾಗಿ ಪ್ರಶ್ನೆಗಳ ದೊಡ್ಡ ಪಟ್ಟಿಯೇ ಬಂತು. ನೋಡುವವರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಎತ್ತರದಿಂದ ನೋಡುತ್ತಾರೆ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಹೀಗೆ. ಶಾಂತಕ್ಕ ಪಟ್ಟಿಯನ್ನು ಮಡಚಿಟ್ಟು, ಇದು ಬರೆದು ತೀರುವಂಥದ್ದಲ್ಲ, ನಾನೇ ಹೋಗಿ ನಿಂತು ತೋರಿಸುತ್ತೇನೆ ಎಂದರಂತೆ. ಕಾಟಾ ಬಿಚ್ಚಿ ಜೋಡಿಸುವವರೊಬ್ಬರು ಜೊತೆಗೆ ಬೇಕಿತ್ತು. ಮೂರು ತಾಲೂಕು ಹುಡುಕಿದರೂ ಅಂಥವಳು ನಾನೊಬ್ಬಳೇ.

ಅವರು ನನ್ನ ಅಂಗಡಿಗೆ ಬಂದು ಹೊಸ್ತಿಲ ಆಚೆಗೇ ನಿಂತು ಕೇಳಿದರು. "ಬರ್ತೀ ಏನ? ಏನ ಐತಿ ಅನ್ನೂದು ನಿನ್ನ ಎದುರಿಗೇ ನನ್ನ ಕಣ್ಣಲೆ ನೋಡ್ತೀನಿ."

"ಬರ್ತೀನ್ರಿ" ಎಂದೆ. ಯೋಚಿಸಲೇ ಇಲ್ಲ.

ಬೆಂಗಳೂರಿನ ವಿಮಾನ ನಿಲ್ದಾಣ

ಅಂದಾನೆಪ್ಪನವರ ಕಾಟಾದ ಡಿಸ್‌ಪ್ಲೇ ಡಬ್ಬಿಯನ್ನೇ ಬಿಚ್ಚಿ ತಂದಿದ್ದೆವು. ಅವರೇ ಒಪ್ಪಿ ಕೊಟ್ಟಿದ್ದರು. ಗಾಜು ಒಡೆದೀತೆಂದು ಅದನ್ನು ಕೌದಿಯಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡಿದ್ದೆ. ತಪಾಸಣೆಯ ಯಂತ್ರದಲ್ಲಿ ತಂತಿಗಳ ಗೊಂಚಲು ಕಂಡು ಅಧಿಕಾರಿ ಚೀಲವನ್ನು ಪಕ್ಕಕ್ಕೆ ಎಳೆದರು. ಇದೇನೆಂದು ಕೇಳಿದರು. ನಾನು ಇಂಗ್ಲಿಷಿನ ಶಬ್ದಗಳನ್ನು ಹುಡುಕುತ್ತಿರುವಾಗಲೇ ಶಾಂತಕ್ಕ ಕನ್ನಡದಲ್ಲಿ ಉತ್ತರ ಕೊಟ್ಟರು.

"ಇದರಾಗ ಒಂದು ಸುಳ್ಳ ಐತ್ರಿ. ತಗಸಾಕ ಒಯ್ಯಾಕತ್ತೀವಿ."

ಆ ಅಧಿಕಾರಿ ಬಾಗಲಕೋಟೆ ಕಡೆಯವರಂತೆ. ನಕ್ಕುಬಿಟ್ಟರು. ಆದರೂ ಚಾಲೂ ಮಾಡಿ ತೋರಿಸಲೇಬೇಕಾಯಿತು. ಪವರ್ ಬ್ಯಾಂಕಿಗೆ ಜೋಡಿಸಿದಾಗ ಸೊನ್ನೆ ಬೆಳಗಿತು. ಅವರು ನಮ್ಮನ್ನು ಬಿಟ್ಟರು. ನನಗೆ ಮಾತ್ರ ನಗು ಬರಲಿಲ್ಲ. ಆ ಸುಳ್ಳು ಯಾರದೆಂದು ಶಾಂತಕ್ಕ ಹೇಳದಿದ್ದರೂ ನನಗೆ ಗೊತ್ತಿತ್ತು.

ವಿಮಾನ ಮೇಲೇರುವಾಗ ಅವರು ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದರು. ಮೋಡದ ಮೇಲೆ ಬಂದ ಮೇಲೆ ಬಿಟ್ಟರು.

ತೈಚುಂಗ್, ಮೊದಲ ಸಂಜೆ

ತೈಪೆಯಿಂದ ರೈಲಿನಲ್ಲಿ ತೈಚುಂಗ್ ಎಂಬ ಊರಿಗೆ ಹೋದೆವು. ರೈಲು ನಿಲ್ಲುವ ಜಾಗದಲ್ಲಿ ನೆಲದ ಮೇಲೆ ಗೆರೆ ಎಳೆದಿದ್ದಾರೆ. ಗೆರೆಯ ಹಿಂದೆ ಒಬ್ಬರ ಹಿಂದೊಬ್ಬರು ನಿಲ್ಲುತ್ತಾರೆ. ರೈಲು ಬಂದಾಗ ಬಾಗಿಲು ಸರಿಯಾಗಿ ಗೆರೆಯ ಎದುರಿಗೇ ತೆರೆಯುತ್ತದೆ. ನಮ್ಮ ರೋಣದ ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವ ವಿದ್ಯೆ ಇಲ್ಲಿ ಏನೂ ಉಪಯೋಗಕ್ಕೆ ಬರಲಿಲ್ಲ. ದಾರಿಯಲ್ಲಿ ಸಮುದ್ರದ ಕಡೆಗೆ ಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಗಜೇಂದ್ರಗಡದ ಗುಡ್ಡದ ಮೇಲಿನವು ನೆನಪಾಗಿ ಇಬ್ಬರೂ ಒಟ್ಟಿಗೆ ಕಿಟಕಿಗೆ ಮುಖ ಹಚ್ಚಿದೆವು.

ಉಳಿದುಕೊಂಡ ಮನೆಯ ಕೋಣೆ ಸಣ್ಣದು. ಕತ್ತಲಾಗುವ ಹೊತ್ತಿಗೆ ಬೀದಿಯಲ್ಲಿ ಇಂಪಾದ ಸಂಗೀತ ಕೇಳಿತು. ನಮ್ಮೂರಲ್ಲಿ ಐಸ್‌ಕ್ಯಾಂಡಿಯವನು ಪೋಂಪೋಂ ಒತ್ತುವ ಹಾಗೆ ಇಲ್ಲಿ ಸಂಗೀತ ಬಾರಿಸುತ್ತಾರೆ ಎಂದುಕೊಂಡು ನಾನು ಚಿಲ್ಲರೆ ಹಿಡಿದು ಮೆಟ್ಟಿಲಿಳಿದು ಓಡಿದೆ. ಬಂದದ್ದು ಹಳದಿ ಲಾರಿ. ಸುತ್ತಲಿನ ಮನೆಗಳಿಂದ ಜನ ಲಗುಬಗೆಯಿಂದ ಬರುತ್ತಿದ್ದರು. ಒಬ್ಬ ಅಜ್ಜಿ ಚೀಲವನ್ನು ಲಾರಿಗೆ ಎಸೆದಾಗ ತಿಳಿಯಿತು, ಅದು ಕಸದ ಲಾರಿ. ಚಿಲ್ಲರೆ ಚಾಚಿ ನಿಂತಿದ್ದ ನನ್ನನ್ನು ಅಜ್ಜಿ ಮೇಲಿಂದ ಕೆಳಗೆ ನೋಡಿದಳು. ಮೇಲೆ ಬಾಲ್ಕನಿಯಲ್ಲಿ ಶಾಂತಕ್ಕ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಅವರು ನಕ್ಕದ್ದನ್ನು ನಾನು ಮೊದಲ ಸಲ ನೋಡಿದ್ದು ಆಗಲೇ.

ಊಟದ ಚಿಂತೆ ನಮ್ಮಿಬ್ಬರದೂ ಬೇರೆ ಬೇರೆ. ಅವರು ಲಿಂಗಾಯತರು, ಮಾಂಸ ಮುಟ್ಟುವುದಿಲ್ಲ. ನಾನು ಹಲಾಲ್ ಅಲ್ಲದ್ದನ್ನು ಮುಟ್ಟುವುದಿಲ್ಲ. ಬುದ್ಧನ ಭಕ್ತರು ನಡೆಸುವ ಸಸ್ಯಾಹಾರಿ ಖಾನಾವಳಿಯೊಂದು ಬೀದಿಯಲ್ಲೇ ಸಿಕ್ಕಿ ಇಬ್ಬರ ಸಮಸ್ಯೆಯೂ ಒಂದೇ ಬಾಗಿಲಲ್ಲಿ ಮುಗಿಯಿತು. ಆದರೆ ಅಲ್ಲಿಯ ಅಡುಗೆಗೆ ಉಳ್ಳಾಗಡ್ಡಿ, ಬೆಳ್ಳುಳ್ಳಿ ಹಾಕುವುದೇ ಇಲ್ಲ. ಉಳ್ಳಾಗಡ್ಡಿ ಬೆಳೆದೇ ಬದುಕಿದ ಶಾಂತಕ್ಕ ಮೊದಲ ತುತ್ತು ಬಾಯಿಗಿಟ್ಟು ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಚೀಲದಿಂದ ಖಡಕ್ ರೊಟ್ಟಿ ಮತ್ತು ಗುರೆಳ್ಳು ಚಟ್ನಿಯ ಡಬ್ಬಿ ತೆಗೆದರು. ಅರ್ಧ ರೊಟ್ಟಿ ಮುರಿದು ಕೇಳದೆಯೇ ನನ್ನ ತಟ್ಟೆಗೆ ಹಾಕಿದರು.

ಫಿಲ್ಮಿನ ಕಾರ್ಖಾನೆ

ಕಾರ್ಖಾನೆಯನ್ನು ನಡೆಸುವವರು ಒಬ್ಬ ಹೆಂಗಸು, ಚೆನ್ ಎಂದು. ಐವತ್ತು ದಾಟಿರಬೇಕು. ಗಿಡ್ಡ ಕೂದಲು, ಮಾತಿನ ನಡುವೆ ತಡೆದು ತಡೆದು ಶಬ್ದ ಹುಡುಕುವ ಇಂಗ್ಲಿಷು. ನನ್ನದೂ ಅಂಥದ್ದೇ ಆದ್ದರಿಂದ ನಾವಿಬ್ಬರೂ ಚೆನ್ನಾಗಿ ಹೊಂದಿಕೊಂಡೆವು. ಅವರು ಹೇಳಿದ್ದನ್ನು ನಾನು ಶಾಂತಕ್ಕನಿಗೆ ನಮ್ಮ ಮಾತಿನಲ್ಲಿ ಹೇಳುವುದು ಎಂದಾಯಿತು.

ಒಳಗೆ ಹೋಗುವ ಮೊದಲೇ ತೊಡಕು ಎದುರಾಯಿತು. ಫಿಲ್ಮು ಅಂಟಿಸುವ ಕೋಣೆಗೆ ಒಂದು ಕಣ ಧೂಳೂ ಹೋಗಬಾರದು. ತಲೆಯಿಂದ ಪಾದದವರೆಗೆ ಬಿಳಿಯ ಅಂಗಿ ತೊಡಬೇಕು. ಅದು ಪ್ಯಾಂಟಿನ ಹಾಗೆ ಎರಡು ಕಾಲಿನದು. ಸೀರೆಯ ಮೇಲೆ ಅದನ್ನು ಹಾಕಲು ಆಗುವುದಿಲ್ಲ. ಇಳಕಲ್ ಸೀರೆಯ ಎಳೆಗಳಿಂದ ನಾರು ಉದುರುತ್ತದೆ ಎಂದು ಚೆನ್ ಕೈಮುಗಿದಂತೆ ಹೇಳಿದರು. ಶಾಂತಕ್ಕ ಹೊರಗೇ ಕೂತಿರಲಿ, ಗಾಜಿನ ಕಿಟಕಿಯಿಂದ ನೋಡಲಿ ಎಂದರು. ನಾನು ಅದನ್ನು ಹೇಳಿದೆ.

ಶಾಂತಕ್ಕ ನನ್ನ ಕಡೆ ತಿರುಗಿದರು. "ನಿನ್ನ ಕಡೆ ಇನ್ನೊಂದು ಚೂಡಿದಾರ ಐತೇನ?"

ಚೀಲದಲ್ಲಿತ್ತು. ಅರವತ್ತೆರಡು ವರ್ಷದಲ್ಲಿ ಮೊದಲ ಸಲ ಅವರು ಸೀರೆ ಬಿಚ್ಚಿಟ್ಟು ನನ್ನ ಚೂಡಿದಾರ ತೊಟ್ಟರು. ಕಣಕಾಲಿನವರೆಗೂ ಮುಟ್ಟಲಿಲ್ಲ, ಅವರು ಅಷ್ಟು ಎತ್ತರ. ಮೇಲೆ ಬಿಳಿಯ ಅಂಗಿ, ಟೊಪ್ಪಿಗೆ, ಮುಖಕ್ಕೆ ಬಟ್ಟೆ. ಕನ್ನಡಿ ನೋಡಿಕೊಂಡು, ಮೊಮ್ಮಕ್ಕಳಿಗೆ ಹೇಳಬೇಡ ಎಂದರು. ಗಾಳಿ ಊದುವ ಗೂಡಿನಲ್ಲಿ ಇಬ್ಬರನ್ನೂ ನಿಲ್ಲಿಸಿದಾಗ ನಾಲ್ಕೂ ಕಡೆಯಿಂದ ಗಾಳಿ ಬಡಿಯಿತು. ಎರೆಮಣ್ಣಿನ ಧೂಳಿನಲ್ಲೇ ಹುಟ್ಟಿ ಬೆಳೆದ ನಮ್ಮಿಬ್ಬರಿಂದ ಅದೆಷ್ಟು ಉದುರಿತೋ ತಿಳಿಯದು.

ಒಳಗೆ ಚೆನ್ ಮೊದಲು ಒಂದು ಸಣ್ಣ ಎಲ್‌ಸಿಡಿ ಗಾಜನ್ನು ಚಾಲೂ ಮಾಡಿದರು. ಕಪ್ಪು ಅಂಕೆಗಳು ಕಂಡವು. ಅದರ ಮುಂಭಾಗಕ್ಕೆ ಅಂಟಿಸಿದ್ದ ಬೂದುಬಣ್ಣದ ಫಿಲ್ಮನ್ನು ಚಿಮಟದಿಂದ ಹಿಡಿದು ನಿಧಾನವಾಗಿ ಸುಲಿದರು. ಅಂಕೆಗಳು ಮಾಯವಾದವು. ಗಾಜು ಬರೀ ಬೆಳ್ಳಗಾಯಿತು. ಆಮೇಲೆ ಅಂಗೈಯಷ್ಟು ಫಿಲ್ಮಿನ ತುಂಡನ್ನು ಶಾಂತಕ್ಕನ ಕೈಗೆ ಕೊಟ್ಟು, ಕಣ್ಣಿನ ಮುಂದೆ ಹಿಡಿದು ನೋಡಿ ಎಂದರು.

ಶಾಂತಕ್ಕ ಹಿಡಿದರು. ಅಂಕೆಗಳು ಮತ್ತೆ ಬಂದವು. ತೆಗೆದರು, ಹೋದವು. ಫಿಲ್ಮನ್ನು ಕಾಲು ಸುತ್ತು ತಿರುಗಿಸಿದಾಗ ಕಪ್ಪಿದ್ದದ್ದು ಬಿಳಿಯಾಗಿ, ಬಿಳಿಯಿದ್ದದ್ದು ಕಪ್ಪಾಯಿತು. ಅವರು ನನ್ನನ್ನು ಕರೆದು ನನಗೂ ತೋರಿಸಿದರು. ಇಪ್ಪತ್ತು ವರ್ಷ ಇದೇ ಡಬ್ಬಿಗಳನ್ನು ಬಿಚ್ಚಿದವಳು ನಾನು. ಆ ಫಿಲ್ಮು ಗಾಜಿಗೆ ಗೀರು ಬೀಳದಂತೆ ಹಚ್ಚಿದ್ದು ಎಂದೇ ತಿಳಿದಿದ್ದೆ. ಅಂಕೆ ಇರುವುದೇ ಅದರ ದೆಸೆಯಿಂದ ಎಂದು ಗೊತ್ತಿರಲಿಲ್ಲ. ಇನ್ನೊಮ್ಮೆ ಕೊಡಿ ಎಂದು ಮಕ್ಕಳಂತೆ ಕಿತ್ತುಕೊಂಡು ನೋಡಿದೆವು.

ಚೆನ್ ಬಿಡಿಸಿ ಹೇಳಿದರು. ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಅಯೋಡಿನ್‌ನಲ್ಲಿ ಅದ್ದಿ ಉದ್ದಕ್ಕೆ ಜಗ್ಗುತ್ತಾರೆ. ದವಾಖಾನಿಯಲ್ಲಿ ಗಾಯಕ್ಕೆ ಹಚ್ಚುತ್ತಾರಲ್ಲ, ಅದೇ ಅಯೋಡಿನ್. ಜಗ್ಗಿದಾಗ ಅದರೊಳಗಿನ ಕಣಗಳೆಲ್ಲ ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಬೆಳಕು ಎಲ್ಲ ದಿಕ್ಕಿಗೂ ಅದುರುತ್ತ ಬರುತ್ತದೆ, ಹಾಳೆ ಒಂದೇ ದಿಕ್ಕಿನದನ್ನು ಮಾತ್ರ ಬಿಡುತ್ತದೆ. ಇಂಥ ಎರಡು ಹಾಳೆಗಳನ್ನು ಒಂದಕ್ಕೊಂದು ಅಡ್ಡವಾಗಿಟ್ಟರೆ ಬೆಳಕು ದಾಟುವುದೇ ಇಲ್ಲ.

"ಕೂರಿಗಿ ಸಾಲ ಇದ್ದಂಗ" ಎಂದರು ಶಾಂತಕ್ಕ. "ಸಾಲಿನ ಗುಂಟ ಹೋದ್ರ ದಾರಿ ಐತಿ. ಅಡ್ಡ ಹೋದ್ರ ಇಲ್ಲ."

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಒದ್ದಾಡಿದೆ. ಚೆನ್‌ಗೆ ಬಿತ್ತುವ ಕೂರಿಗೆ ಗೊತ್ತಿರಲಿಲ್ಲ, ಭತ್ತದ ಸಸಿ ನೆಡುವ ಸಾಲು ಗೊತ್ತಿತ್ತು. ಅದಕ್ಕೇ ತಲೆಯಾಡಿಸಿದರು. ಎರಡು ಹಾಳೆಗಳ ನಡುವೆ ಗಾಜಿನಲ್ಲಿ ತುಂಬಿದ ದ್ರವವಿರುತ್ತದೆ. ಅದು ಬೆಳಕನ್ನು ಕಾಲು ಸುತ್ತು ಹೊರಳಿಸಿ ಎರಡನೆಯ ಹಾಳೆಯನ್ನೂ ದಾಟಿಸುತ್ತದೆ. ವಿದ್ಯುತ್ ಹರಿದ ಕಡೆ ಮಾತ್ರ ದ್ರವದ ಕಣಗಳು ಎದ್ದು ನಿಂತು ಹೊರಳಿಸುವುದನ್ನು ಬಿಡುತ್ತವೆ. ಅಲ್ಲಿ ಬೆಳಕಿಗೆ ತಡೆ ಬೀಳುತ್ತದೆ. ಆ ಕಪ್ಪೇ ಅಂಕೆ.

ಇನ್ನೊಂದು ಫಿಲ್ಮು ಕೊಟ್ಟರು. ಉಗುರಿನಿಂದ ಗೀರಿದರೆ ಝರ್ ಎಂದು ಸದ್ದು ಮಾಡುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ದಿಂಡುಗಳು ಅದರ ತುಂಬ. ದೀಪದ ಮೇಲೆ ಅರ್ಧ ಮುಚ್ಚಿದಾಗ ಮುಚ್ಚಿದ ಕಡೆಯೇ ಹೆಚ್ಚು ಬೆಳಗಿತು. ಅಕ್ಕಪಕ್ಕಕ್ಕೆ ಹರಿದುಹೋಗುವ ಬೆಳಕನ್ನು ತಡೆದು ಎದುರಿಗೆ ಕಳಿಸುತ್ತದಂತೆ. ಹೊಲದ ನೀರು ಹರಿದುಹೋಗದಂತೆ ಒಡ್ಡು ಹಾಕುವವರಿಗೆ ಇದನ್ನು ಎರಡು ಸಲ ಹೇಳಬೇಕಾಗಲಿಲ್ಲ.

ಕೊನೆಗೆ ಚೆನ್ ನಮ್ಮ ಡಬ್ಬಿಯನ್ನು ಮೇಜಿನ ಮೇಲಿಟ್ಟು 83 ಬರುವಂತೆ ಮಾಡಿದರು. ಶಾಂತಕ್ಕ ಪೇಟೆಯಲ್ಲಿ ನಿಲ್ಲುವಂತೆಯೇ ನಿಲ್ಲಬೇಕೆಂದರು. ಶಾಂತಕ್ಕ ಮಗ್ಗುಲಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ತುಸು ಬಗ್ಗಿದರು.

"ಎಂಬತ್ತೆಂಟು" ಎಂದರು.

ಎದುರಿನಿಂದ ನನಗೆ ಎಂಬತ್ತಮೂರೇ ಕಾಣುತ್ತಿತ್ತು. ಚೆನ್ ಇಬ್ಬರನ್ನೂ ಜಾಗ ಬದಲಿಸಲು ಹೇಳಿದರು. ನಾನು ಮಗ್ಗುಲಲ್ಲಿ ನಿಂತು ಬಗ್ಗಿದೆ. ಮೂರರ ಎಡಕ್ಕೆ, ಇರಬಾರದ ಎರಡು ಗೆರೆಗಳು ಬೂದಿಯ ಬಣ್ಣದಲ್ಲಿ ಎದ್ದು ನಿಂತಿದ್ದವು. ಮೂರು ಎಂಟಾಗಿತ್ತು. ಎಲ್ಲ ಅಂಕೆಗಳ ಜಾಗದಲ್ಲೂ ಎಂಟರ ಗೆರೆಗಳು ಇದ್ದೇ ಇರುತ್ತವೆ, ಬೇಕಾದವು ಮಾತ್ರ ಕಪ್ಪಾಗುತ್ತವೆ. ಓರೆಯಿಂದ ನೋಡಿದಾಗ ಬೆಳಕು ದ್ರವವನ್ನು ಓರೆಯಾಗಿ ಹಾದು ಬರುತ್ತದೆ, ಬೇಡದ ಗೆರೆಗೆ ಸೋರಿದ ತುಸು ವಿದ್ಯುತ್ತಿನಿಂದ ಅರ್ಧ ಎದ್ದ ಕಣಗಳೂ ಪೂರ್ತಿ ಎದ್ದಂತೆ ತೋರುತ್ತವೆ. ಆಫೀಸಿನ ಮೇಜಿನ ಮೇಲಿಟ್ಟು ಎದುರಿನಿಂದ ನೋಡಲು ಮಾಡಿದ ಗಾಜನ್ನು ನಾವು ಪೇಟೆಯ ನೆಲದ ಮೇಲಿಟ್ಟಿದ್ದೆವು.

ಎದುರಿನ ಜಾಗದಲ್ಲಿ ನಿಂತ ಶಾಂತಕ್ಕ ಅಂಕೆಯನ್ನೇ ನೋಡುತ್ತಿದ್ದರು. ಮುಖಕ್ಕೆ ಬಟ್ಟೆಯಿದ್ದುದರಿಂದ ಕಣ್ಣು ಬಿಟ್ಟು ಬೇರೇನೂ ನನಗೆ ಕಾಣಲಿಲ್ಲ. ಅವರು ಏನಾದರೂ ಹೇಳುತ್ತಾರೆಂದು ಕಾದೆ. ಅವರು ಮತ್ತೆ ಮಗ್ಗುಲಿಗೆ ಹೋಗಿ ನೋಡಿದರು, ಮತ್ತೆ ಎದುರಿಗೆ ಬಂದು ನೋಡಿದರು.

ತರಕಾರಿ ಪೇಟೆ

ಮರುದಿನ ಬೆಳಿಗ್ಗೆ ಶಾಂತಕ್ಕ ಉಳ್ಳಾಗಡ್ಡಿ ತರೋಣ ಎಂದರು. ಹಿಂದಿನ ಬೀದಿಯಲ್ಲಿ ಸಂತೆ ನೆರೆದಿತ್ತು. ಕೆಲವು ಹೆಣ್ಣುಮಕ್ಕಳು ಸ್ಕೂಟರಿನಿಂದ ಇಳಿಯದೆಯೇ ಸೊಪ್ಪು ಕೊಳ್ಳುತ್ತಿದ್ದರು. ನಾನು ಫೋನಿನಲ್ಲಿ ಭಾಷಾಂತರ ಮಾಡುವ ಆ್ಯಪ್ ತೆರೆದು ಶಾಂತಕ್ಕನ ಬಾಯಿಯ ಹತ್ತಿರ ಹಿಡಿದೆ. ಅವರು ಉಳ್ಳಾಗಡ್ಡಿ ಎಂದರು. ಅದು ಏನೇನೋ ಬರೆದು ಮಾರುವವಳಿಗೆ ಏನೋ ಹೇಳಿತು. ಆಕೆ ಗಾಬರಿಯಿಂದ ತನ್ನ ಗದ್ದ ಮುಟ್ಟಿಕೊಂಡಳು. ಫೋನು ಗಡ್ಡದ ಮಾತನ್ನೇ ಹಿಡಿದಿತ್ತೆಂದು ಕಾಣುತ್ತದೆ. ಈರುಳ್ಳಿ ಎಂದು ಹೇಳಿ ನೋಡ್ರಿ ಎಂದೆ. ಅದು ಮೈಸೂರಿನವರ ಮಾತು ಎಂದು ಅವರು ಒಪ್ಪಲಿಲ್ಲ. ಕೊನೆಗೆ ರಾಶಿಯ ಕಡೆ ಬೆರಳು ತೋರಿಸಿದರು.

ಮಾರುವವಳು ಉಳ್ಳಾಗಡ್ಡಿಯನ್ನು ಕಾಟಾದ ಮೇಲಿಟ್ಟಳು. ಆ ಕಾಟಾಕ್ಕೆ ಎರಡು ಮುಖ. ಒಂದು ಪರದೆ ಅವಳ ಕಡೆಗೆ, ಇನ್ನೊಂದು ನಮ್ಮ ಕಡೆಗೆ. ಶಾಂತಕ್ಕ ಉಳ್ಳಾಗಡ್ಡಿಯ ಚೀಲ ತೆಗೆದುಕೊಳ್ಳುವುದನ್ನೂ ಮರೆತು ಅದನ್ನೇ ನೋಡುತ್ತ ನಿಂತರು. ಹಿಂದಿನವರು ಮೆಲ್ಲಗೆ ಕೆಮ್ಮಿದಾಗ ನಾನೇ ಚೀಲ ಎತ್ತಿಕೊಂಡು ಅವರನ್ನು ಪಕ್ಕಕ್ಕೆ ಕರೆದುಕೊಂಡು ಬಂದೆ. ಅಲ್ಲೊಂದು ಕಲ್ಲಿನ ಕಟ್ಟೆ ಇತ್ತು. ಕೂತೆವು.

ನನಗೆ ಹಿಂದಿನ ದಿನದಿಂದಲೂ ಎದೆಯಲ್ಲಿ ಕೂತಿದ್ದ ಮಾತೊಂದಿತ್ತು. ಅದನ್ನು ಗಂಡನಿಗೂ ಹೇಳಿರಲಿಲ್ಲ. ಐದು ವರ್ಷದ ಹಿಂದೆ ಅದೇ ನಮೂನೆಯ ಡಬ್ಬಿಯೊಂದನ್ನು ತೊಡೆಯ ಮೇಲಿಟ್ಟು ರಿಪೇರಿ ಮಾಡುವಾಗ, ಓರೆಯಿಂದ ಮೂರು ಎಂಟಾಗಿ ಕಂಡದ್ದನ್ನು ನಾನು ನೋಡಿದ್ದೆ. ಡಬ್ಬಿಯನ್ನು ನೆಟ್ಟಗೆ ತಿರುಗಿಸಿಕೊಂಡೆ, ಸರಿಯಾಯಿತು. ಇಂಥವು ಇರುವುದೇ ಹೀಗೆ ಎಂದುಕೊಂಡು ಮುಚ್ಚಿಟ್ಟೆ. ಮಗ್ಗುಲಲ್ಲಿ ನಿಲ್ಲುವವರಿಗೆ ಏನು ಕಾಣುತ್ತದೆ ಎಂದು ಯೋಚಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಇಷ್ಟನ್ನೂ ಕಟ್ಟೆಯ ಮೇಲೆ ಕೂತು ಅವರಿಗೆ ಹೇಳಿದೆ. ಮತ್ತೆ ಕಳ್ಳಿ ಎಂದರೂ ಎನ್ನಲಿ, ಈ ಸಲ ತಲೆ ತಗ್ಗಿಸಿ ಕೇಳುವುದು ಎಂದುಕೊಂಡಿದ್ದೆ.

ಶಾಂತಕ್ಕ ಚೀಲದಿಂದ ಒಂದು ಉಳ್ಳಾಗಡ್ಡಿ ತೆಗೆದು ಮಡಿಲಲ್ಲಿಟ್ಟುಕೊಂಡರು. ಆಮೇಲೆ ಕೇಳಿದರು. "ಬೇಕಂತ ಮುಚ್ಚಿ ಇಟ್ಟೇನ?"

"ಇಲ್ರಿ ಅಕ್ಕಾರ. ದೊಡ್ಡದು ಅನಸಲಿಲ್ರಿ."

"ಎದುರಿಗೆ ಕುಂತು ನೋಡವರಿಗೆ ದೊಡ್ಡದು ಅನಸೂದಿಲ್ಲ." ಅವರು ಮಡಿಲಿನ ಉಳ್ಳಾಗಡ್ಡಿಯ ಸಿಪ್ಪೆ ಬಿಡಿಸುತ್ತಿದ್ದರು. "ನಾ ಕಳ್ಳಿ ಅಂದದ್ದು ತಪ್ಪಾತು. ಖರೇ ಹೇಳ್ತೀನಿ, ನಿನ್ನೆ ರಾತ್ರಿ ನಿದ್ದಿ ಹತ್ತಿಲ್ಲ ನನಗ. ಆದ್ರ ಇಲ್ಲಿ ನಿನ್ನ ಒಬ್ಬಾಕಿ ಮುಂದ ಹೇಳಿದ್ರ ಏನ ಬಂತು? ಪ್ಯಾಟ್ಯಾಗ ಅಂದೇನಿ. ಪ್ಯಾಟ್ಯಾಗ ಹೇಳ್ತೀನಿ."

ನನಗೆ ಅಳು ಬಂತು. ಅವರು ನೋಡಿಯೂ ನೋಡದವರಂತೆ ಉಳ್ಳಾಗಡ್ಡಿಯ ಅರ್ಧ ಹೋಳನ್ನು ನನ್ನ ಕೈಗಿಟ್ಟರು. ನೀರುಳ್ಳಿಗೆ ನೀರೇ ಹೆಚ್ಚು, ಖಾರವೇ ಇಲ್ಲ ಎಂದು ಇಬ್ಬರೂ ತೀರ್ಮಾನಿಸಿದೆವು.

ಮತ್ತೆ ಕಾರ್ಖಾನೆ

ಉಳಿದ ದಿನಗಳು ಓಡಿಹೋದವು. ಎರಡು ಮುಖದ ಕಾಟಾ ಸಾಲದು, ನಮ್ಮಲ್ಲಿ ಜನ ನಾಲ್ಕೂ ಕಡೆ ನಿಲ್ಲುತ್ತಾರೆ ಎಂದು ಶಾಂತಕ್ಕ ಚೆನ್‌ಗೆ ಹೇಳಿಸಿದರು. ಚೆನ್ ಅದಕ್ಕೆ ಉತ್ತರ ತೆಗೆದಿಟ್ಟಿದ್ದರು. ಹಳೆಯ ಫಿಲ್ಮಿಗೆ ಬದಲಾಗಿ, ಒಳಮೈಗೆ ಇನ್ನೊಂದು ಪದರವಿರುವ ಫಿಲ್ಮು. ಓರೆಯಾಗಿ ಬರುವ ಬೆಳಕನ್ನು ದ್ರವ ಎಷ್ಟು ಕೆಡಿಸುತ್ತದೋ, ಆ ಪದರ ಅದರ ವಿರುದ್ಧಕ್ಕೆ ಅಷ್ಟೇ ತಿರುಗಿಸಿ ಸರಿಮಾಡುತ್ತದೆ. ಅಂಟಿಸಿ ತೋರಿಸಿದರು. ನಾನು ಎಡಕ್ಕೆ ಹೋದೆ, ಬಲಕ್ಕೆ ಹೋದೆ, ಬಗ್ಗಿದೆ, ಬೆರಳ ತುದಿಯ ಮೇಲೆ ನಿಂತೆ. ಎಂಬತ್ತಮೂರು ಎಂಬತ್ತಮೂರಾಗಿಯೇ ಉಳಿಯಿತು. ತೀರಾ ಅಂಚಿನಿಂದ ನೋಡಿದರೆ ತುಸು ಮಸುಕಾಗುತ್ತದೆ, ಆದರೆ ಎಂಟಾಗುವುದಿಲ್ಲ. ಎಲ್ಲವನ್ನೂ ಸರಿಮಾಡುತ್ತದೆ ಎಂದು ನಾನು ಹೇಳುವುದಿಲ್ಲ ಎಂದು ಚೆನ್ ತಾವೇ ಹೇಳಿದರು. ಆ ಮಾತಿನಿಂದ ನನಗೆ ಅವರ ಮೇಲೆ ಇನ್ನಷ್ಟು ನಂಬಿಕೆ ಬಂತು.

ಹೊರಗೆ ಬಿಸಿಲಿಗೆ ತಂದಾಗ ಬೇರೆಯೇ ಸಮಸ್ಯೆ. ಗಾಜಿನಲ್ಲಿ ಆಕಾಶವೇ ಹೊಳೆದು ಅಂಕೆ ಕಾಣಲಿಲ್ಲ. ಚೆನ್ ಒಳಗೆ ಹೋಗಿ ಹೊರಮೈ ನುಣುಪಿಲ್ಲದ ಫಿಲ್ಮು ತಂದರು. ಹೊಳಪನ್ನು ಚದುರಿಸಿಬಿಡುವ ಸಣ್ಣ ತರಿ ಅದರ ಮೈಮೇಲೆ. ಶಾಂತಕ್ಕನನ್ನು ಕಾರು ನಿಲ್ಲಿಸುವ ಬಯಲಿನಲ್ಲಿ ನಡುಮಧ್ಯಾಹ್ನ ನಿಲ್ಲಿಸಿ, ಅವರು ಬಗ್ಗಿದ ಕೋನವನ್ನು ಇಬ್ಬರು ಎಂಜಿನಿಯರುಗಳು ಅಳೆದು ಬರೆದುಕೊಂಡರು. ಹಣೆಗೆ ಸೆರಗು ಮರೆ ಹಿಡಿದು ಅಂಕೆ ಓದುವ ಅವರ ಫೋಟೋ ಆ ಕಾರ್ಖಾನೆಯ ಗೋಡೆಯ ಮೇಲೆ ಈಗ ಇದ್ದರೂ ಇದ್ದೀತು.

ಅಂಟಿಸುವುದನ್ನು ನಾನೇ ಕಲಿಯಬೇಕಿತ್ತು. ಹಳೆಯ ಫಿಲ್ಮನ್ನು ಒಂದೇ ಎಳೆತಕ್ಕೆ ಸುಲಿಯಬೇಕು, ಅಂಟಿನ ಕಲೆ ಒರೆಸಬೇಕು, ಹೊಸದನ್ನು ಒಂದು ಅಂಚಿನಿಂದ ಉರುಳೆಯೊತ್ತಿ ಕೂರಿಸುತ್ತ ಹೋಗಬೇಕು. ಮೊದಲನೆಯದರಲ್ಲಿ ಗುಳ್ಳೆ ಎದ್ದಿತು. ಎರಡನೆಯದರಲ್ಲಿ ನನ್ನ ರೆಪ್ಪೆಯ ಕೂದಲೊಂದು ಸಿಕ್ಕಿಕೊಂಡಿತು. ಮೂರನೆಯದನ್ನು ತಿರುವುಮುರುವಾಗಿ ಅಂಟಿಸಿಬಿಟ್ಟೆ. ನಾಲ್ಕನೆಯದನ್ನು ಚೆನ್ ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಆಮೇಲೆ ತಮ್ಮ ಚಿಮಟವನ್ನೇ ನನ್ನ ಜೇಬಿಗೆ ಹಾಕಿದರು. ಅಪ್ಪ ಇದ್ದಿದ್ದರೆ ತೋರಿಸಬಹುದಿತ್ತು ಎನಿಸಿತು.

ರೋಣಕ್ಕೆ ಮರಳಿ

ಸಂಘದ ಹೊಸ ಕಾಟಾಕ್ಕೂ ಅದೇ ಫಿಲ್ಮನ್ನು ತಂದಿದ್ದೆವು. ಹೊಸ ಫಿಲ್ಮು ಹಾಕಿದ ಡಬ್ಬಿಯನ್ನು ಅಂದಾನೆಪ್ಪನವರ ಕಾಟಾಕ್ಕೆ ಜೋಡಿಸಿ, ಇನ್ಸ್‌ಪೆಕ್ಟರರನ್ನು ಕರೆಸಿ ಮತ್ತೆ ಮುದ್ರೆ ಹಾಕಿಸಿದೆವು. ಈ ಸಲ ಅವರನ್ನು ನಾಲ್ಕೂ ಕಡೆ ನಿಂತು ನೋಡುವಂತೆ ಶಾಂತಕ್ಕ ಒತ್ತಾಯಿಸಿದರು. ಅವರು ತಕರಾರಿಲ್ಲದೆ ನೋಡಿದರು.

ಪೇಟೆಯ ದಿನ ಅಂದಾನೆಪ್ಪನವರ ಅಂಗಡಿಯ ಮುಂದೆ ಜನ ಕೂಡಿದ್ದರು. ಮೆಣಸಗಿಯ ಒಬ್ಬ ರೈತರ ಚೀಲಗಳು ಮೊದಲು ಬಂದವು. ಹಮಾಲರು ಅವನ್ನು ಕಾಟಾದ ಮೇಲಿಡುವ ಮೊದಲು ಶಾಂತಕ್ಕ ಕೈಯೆತ್ತಿ ನಿಲ್ಲಿಸಿದರು. ಅಂದು ನಿಂತ ಜಾಗದಲ್ಲೇ ನಿಂತು, ಅಂದಿನಂತೆಯೇ ದನಿ ಏರಿಸದೆ ಹೇಳಿದರು.

"ಇದ ಜಾಗಾದಾಗ ನಿಂತು ನಾ ಈಕಿಗೆ ಕಳ್ಳಿ ಅಂದಿದ್ದೆ. ತಪ್ಪು ನಂದು. ಈಕಿ ತೂಕಾ ಮುಟ್ಟಿಲ್ಲ. ನಾ ನೋಡಿದ್ದೂ ಸುಳ್ಳಲ್ಲ, ಡಬ್ಬಿ ಈ ಕಡಿ ನಿಂತವರಿಗೆ ಬ್ಯಾರೇನ ತೋರಸತಿತ್ತು. ಅದನ್ನ ಈಕೀನ ಸರಿ ಮಾಡ್ಯಾಳ."

ನಾನೂ ಮುಂದೆ ಬಂದು, ಐದು ವರ್ಷದ ಹಿಂದೆ ಕಂಡದ್ದನ್ನು ಹೇಳದೆ ಬಿಟ್ಟದ್ದು ನನ್ನ ತಪ್ಪು ಎಂದೆ. ಅದನ್ನು ಹೇಳೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ಹೇಳಿದ ಮೇಲೆ ಬೆನ್ನು ನೆಟ್ಟಗಾದಂತೆನಿಸಿತು.

ಚೀಲಗಳನ್ನಿಟ್ಟರು. ಮೆಣಸಗಿಯ ರೈತರು ಮಗ್ಗುಲಿನಿಂದ ಅಂಕೆಯನ್ನು ತಾವೇ ಗಟ್ಟಿಯಾಗಿ ಓದಿದರು. ಎಡಗಡೆಯವರೂ ಅದನ್ನೇ ಓದಿದರು. ಹಿಂದೆ ನಿಂತವರು ಇಣುಕಿ ಅದನ್ನೇ ಓದಿದರು. ಓದುವುದು ಆಟವಾಗಿಬಿಟ್ಟಿತು. ಚೀಲ ಇಳಿಸಿ ಹತ್ತಿಸಿದಂತೆಲ್ಲ ನಾಲ್ಕೂ ಕಡೆಯಿಂದ ಜನ ಒಂದೇ ಬಾಯಿಯಲ್ಲಿ ಅಂಕೆ ಹೇಳತೊಡಗಿದರು. ನಾನೂ ಅವರ ಜೊತೆ ದನಿಗೂಡಿಸಿದೆ.

ಆಗ ಅಂದಾನೆಪ್ಪನವರು ಕುರ್ಚಿಯಿಂದ ಎದ್ದರು. ಇಷ್ಟು ವರ್ಷದಲ್ಲಿ ತೂಕದ ಹೊತ್ತಿನಲ್ಲಿ ಅವರು ಆ ಕುರ್ಚಿ ಬಿಟ್ಟು ಎದ್ದದ್ದನ್ನು ನಾನು ನೋಡಿಲ್ಲ. ಧೋತರದ ಚುಂಗು ಹಿಡಿದು ಕಾಟಾ ಸುತ್ತಿ ಬಂದು, ಶಾಂತಕ್ಕನ ಪಕ್ಕದಲ್ಲಿ, ರೈತರು ನಿಲ್ಲುವ ಜಾಗದಲ್ಲಿ ನಿಂತರು. ಸೊಂಟದ ಮೇಲೆ ಕೈಯಿಟ್ಟು ಬಗ್ಗಿ ನೋಡಿದರು.

"ಇಲ್ಲಿಂದನೂ ಕಾಣತೈತಿ ಬಿಡ್ರಿ" ಎಂದು ಕುರ್ಚಿಯ ಕಡೆ ತಿರುಗಿದರು.

"ಅಲ್ಲೇ ನಿಂದರ್ರಿ ಸಾವಕಾರ್ರ" ಎಂದರು ಶಾಂತಕ್ಕ. "ಇನ್ನೊಂದೆರಡು ಚೀಲ ಬರಲಿ."

ಅಂದಾನೆಪ್ಪನವರು ನಿಂತರು.